ಪುಟ್ಟ ರೈಲಿನ ಪುಸ್ತಕಗಳು ಮತ್ತು ಬಿಳಿ ಪುಡಿ

ದೊಡ್ಡಪ್ಪ ಎಂದರೆ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಅವರ ಬಲಗೈ ತೋರುಬೆರಳು. ಅದನ್ನು ನಾಲಗೆಗೆ ಮುಟ್ಟಿಸಿ, ಹಾಳೆಯ ಮೂಲೆಗೆ ಒತ್ತಿ, ಮೆಲ್ಲಗೆ ತಿರುಗಿಸುತ್ತಿದ್ದರು. ಮತ್ತೆ ನಾಲಗೆ, ಮತ್ತೆ ಹಾಳೆ. ಸಂಜೆಯ ಹೊತ್ತಿಗೆ ಬೆರಳ ತುದಿ ವಿಭೂತಿ ಮೆತ್ತಿದ ಹಾಗೆ ಬೆಳ್ಳಗಾಗಿರುತ್ತಿತ್ತು.

ಅವರು ನಮ್ಮಪ್ಪನ ಅಣ್ಣ. ಆಲ್ದೂರಿನ ಹತ್ತಿರ ಸಣ್ಣ ಕಾಫಿ ತೋಟ. ತೋಟದ ಹಳೆಯ ಗೋಡೌನನ್ನೇ ಲೈಬ್ರರಿ ಮಾಡಿಕೊಂಡಿದ್ದರು. ಅಲ್ಲಿದ್ದದ್ದು ಒಂದೇ ವಿಷಯ: ನ್ಯಾರೋ ಗೇಜ್, ಅಂದರೆ ಕಿರಿದಾದ ಹಳಿಯ ಮೇಲೆ ಓಡುವ ಪುಟ್ಟ ರೈಲುಗಳ ಚರಿತ್ರೆ. ಪುಸ್ತಕ, ನಕ್ಷೆ, ಹಳೆಯ ವೇಳಾಪಟ್ಟಿ, ಫೋಟೋ ಆಲ್ಬಮ್ಮು. ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಹಿಂದೆ ಅಂಥದೊಂದು ರೈಲಿತ್ತು. ಚಿಕ್ಕವರಿದ್ದಾಗ ತಾಯಿಯ ತೊಡೆಯ ಮೇಲೆ ಕೂತು ಅದರಲ್ಲಿ ಹೋಗಿದ್ದರಂತೆ. ಆಮೇಲೆ ಆ ಹಳಿಯನ್ನೇ ಕಿತ್ತುಹಾಕಿದರು. ಆ ಸಂಕಟ ಅವರನ್ನು ಬಿಡಲೇ ಇಲ್ಲ.

ತೊಂಬತ್ತರ ದಶಕದಲ್ಲಿ ಚಿಕ್ಕಮಗಳೂರಿಗೇ ರೈಲಿರಲಿಲ್ಲ. ರೈಲಿಲ್ಲದ ಸೀಮೆಯಲ್ಲಿ ರೈಲಿನ ಲೈಬ್ರರಿ ಎಂದು ಅವರ ಕಾಲೆಳೆಯದವರಿಲ್ಲ. ಅದಕ್ಕೆಲ್ಲ ಅವರು ಬೇಸರಪಡುತ್ತಿರಲಿಲ್ಲ. ಆದರೆ ದೇವರಮನೆ ಬೆಟ್ಟ ನೋಡಿಕೊಂಡು ಬಂದ ಪ್ರವಾಸಿಯೊಬ್ಬರು ಊಟಿ ರೈಲಿನ ಪುಸ್ತಕ ಕೇಳಿದಾಗ ಮುಖ ಗಂಟಿಕ್ಕಿದರು. "ಅದು ಮೀಟರ್ ಗೇಜು. ಅಗಲ ಜಾಸ್ತಿ. ಇಲ್ಲಿಗೆ ಬರಲ್ಲ" ಎಂದರು, ಆ ರೈಲೇ ಬಾಗಿಲಲ್ಲಿ ನಿಂತು ಜಾಗ ಕೇಳುತ್ತಿದೆ ಎಂಬಂತೆ. ಆಮೇಲೆ ಪಾಪ ಅನ್ನಿಸಿರಬೇಕು, ದೊಡ್ಡಮ್ಮನಿಗೆ ಕಾಫಿ ತರಲು ಹೇಳಿ, ಡಾರ್ಜಿಲಿಂಗ್ ರೈಲಿನ ಫೋಟೋ ತೋರಿಸಿದರು.

ನಾನು ಆಲ್ದೂರಿನ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ಮಕ್ಕಳು ದೊಡ್ಡಪ್ಪನನ್ನೇ ನೋಡಿ ಕಲಿತು, ಸಾಲಾಗಿ ಕೂತು, ಬೆರಳನ್ನು ನಾಲಗೆಗೆ ಮುಟ್ಟಿಸಿ ಹಾಳೆ ತಿರುಗಿಸುತ್ತಿದ್ದವು. ನಾವಿಬ್ಬರೂ ನೋಡಿ ನಗುತ್ತಿದ್ದೆವು.

ನಮ್ಮ ಕಡೆ ಪುಸ್ತಕಕ್ಕೆ ದೊಡ್ಡ ಶತ್ರು ಗೆದ್ದಲು. ಕಾಫಿ ಗಿಡದ ಕಾಂಡ ಕೊರೆಯುವ ಬೋರರ್ ಹುಳಕ್ಕೆಂದು ತಂದ ವಿಷದ ಪುಡಿ ಆಗ ತೋಟಗಳಲ್ಲಿ ಇದ್ದೇ ಇರುತ್ತಿತ್ತು. ಅದನ್ನು ಅಕ್ಕಿ ಮೂಟೆಯ ಸುತ್ತಲೂ ಉದುರಿಸುತ್ತಿದ್ದರು. ಹೇನಾದರೆ ತಲೆಗೂ ಸವರಿದವರಿದ್ದರು. ಯಾರಿಗೂ ಅದು ತಪ್ಪೆನಿಸುತ್ತಿರಲಿಲ್ಲ. ದೊಡ್ಡಪ್ಪ ಮಳೆಗಾಲಕ್ಕೆ ಮುಂಚೆ ಅದೇ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಮಗುವಿಗೆ ಪೌಡರ್ ಹಚ್ಚುವ ಹಾಗೆ ಹಾಳೆಗಳ ನಡುವೆ ತಟ್ಟುತ್ತಿದ್ದರು. ಹೆಚ್ಚು ಪ್ರೀತಿಯ ಪುಸ್ತಕಕ್ಕೆ ಹೆಚ್ಚು ಪುಡಿ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವರ ಕೈ ನಡುಗತೊಡಗಿತು. ಊಟ ಸೇರುತ್ತಿರಲಿಲ್ಲ. ಚಿಕ್ಕಮಗಳೂರಿಗೆ ನಾನೇ ಕರೆದುಕೊಂಡು ಹೋದೆ. ಎಲ್ಲ ಕೇಳಿಸಿಕೊಂಡ ಡಾಕ್ಟರು, "ಇದರಿಂದಲೇ ಅಂತ ಹೇಳಕ್ಕಾಗಲ್ಲ. ಆದ್ರೆ ಆ ಪುಡಿನ ಇನ್ನು ಮುಟ್ಲೇಬೇಡಿ, ಆ ಪುಸ್ತಕಗಳನ್ನೂ" ಎಂದರು. ವಾಪಸ್ ಬಸ್ಸಿನಲ್ಲಿ ದೊಡ್ಡಪ್ಪ ತಮ್ಮ ತೋರುಬೆರಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ಕೂತರು. ಆಲ್ದೂರು ಹತ್ತಿರ ಬಂದಾಗ ನನ್ನ ಕಡೆ ತಿರುಗಿ ಕೇಳಿದರು:

"ಮಕ್ಳೂ ಹಂಗೇ ಬೆರಳು ನೆಕ್ತಿದ್ವು ಅಲ್ವಾ?"



ಅಂದೇ ಲೈಬ್ರರಿಗೆ ಬೀಗ ಬಿತ್ತು. ಮಕ್ಕಳ ಮನೆಗಳಿಗೆ ನಾವಿಬ್ಬರೂ ಹೋಗಿ ಹೇಳಿದೆವು, ಡಾಕ್ಟರಿಗೆ ತೋರಿಸಿದೆವು. ದೇವರ ದಯೆ, ಯಾವ ಮಗುವಿಗೂ ಏನೂ ಆಗಿರಲಿಲ್ಲ. ಆದರೂ ದೊಡ್ಡಪ್ಪನ ನಿದ್ದೆ ಹೋಯಿತು. ಕೊಯ್ಲು ಮುಗಿದು ಕಾಫಿ ಒಣಗಿಸುವ ಕಣ ಖಾಲಿಯಾದಾಗ ಪುಸ್ತಕಗಳನ್ನೆಲ್ಲ ಅಲ್ಲಿ ಬಿಸಿಲಿಗೆ ಹರವಿಸಿದರು. ನಾನೂ ದೊಡ್ಡಮ್ಮನೂ ಮೂಗಿಗೆ ಬಟ್ಟೆ ಕಟ್ಟಿ, ಒಂದೊಂದೇ ಹಾಳೆಯನ್ನು ಬ್ರಷ್ಷಿನಿಂದ ಉಜ್ಜಿದೆವು. ಅವರು ದೂರದಲ್ಲಿ ಕುರ್ಚಿ ಹಾಕಿಕೊಂಡು, "ಗಾಳಿ ತಿರುಗ್ತು, ಈ ಕಡೆ ಬನ್ರೇ" ಎಂದು ಕೂಗುತ್ತಿದ್ದರು. ಹೊಲಿಗೆಯೊಳಗೆಲ್ಲ ಪುಡಿ ಗಟ್ಟಿಯಾಗಿದ್ದವನ್ನು ಉಳಿಸಲಾಗಲಿಲ್ಲ. ಗುಂಡಿ ತೋಡಿ ಹೂಳಬೇಕಾಯಿತು. ತರೀಕೆರೆ ರೈಲಿನ ಆಲ್ಬಮ್ಮೂ ಅದರಲ್ಲಿತ್ತು. "ಅದಕ್ಕೇ ಜಾಸ್ತಿ ಹಾಕ್ತಿದ್ದೆ ಮಾರಾಯ್ತಿ" ಎಂದು ಮುಖ ಆಚೆ ಮಾಡಿದರು.

ಉಳಿದವನ್ನು ಮತ್ತೆ ಕಪಾಟಿಗೆ ಸೇರಿಸಿದೆವು. ಬೀಗ ಮಾತ್ರ ತೆಗೆಯಲಿಲ್ಲ. ಎಷ್ಟು ಉಜ್ಜಿದರೂ ವಿಷ ಹೋಗಿದೆ ಎಂದು ಅವರಿಗೆ ನಂಬಿಕೆ ಬರಲಿಲ್ಲ.

ಮುಂದಿನ ಮಳೆಗಾಲದ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. ಒಂದು ದಿನ ನಾನು ಗೋಡೌನಿನ ಬಾಗಿಲು ತೆಗೆದು ನೋಡಿದರೆ ಕಪಾಟಿನ ತುಂಬ ಗೆದ್ದಲ ಮಣ್ಣಿನ ದಾರಿ. ಪುಸ್ತಕ ಬಿಡಿಸಿದರೆ ಅಂಚೆಲ್ಲ ತೂತು. ಜೀವಮಾನವಿಡೀ ಕಾಪಾಡಿಕೊಂಡದ್ದು ಹೀಗಾಯಿತಲ್ಲ, ಹೇಗೆ ಹೇಳಲಿ? ಮಂಚದ ಪಕ್ಕ ಕೂತು ಅಳು ತಡೆದುಕೊಂಡು, "ದೊಡ್ಡಪ್ಪಾ, ಗೆದ್ದಲು ಬಂದಿದೆ" ಎಂದೆ.

ಅವರು ತಟ್ಟನೆ ಕಣ್ಣು ತೆರೆದರು.

"ತಿಂದಿದ್ಯಾ? ಹಾಳೆನಾ?"

"ಹೌದು."

"ಸತ್ತಿಲ್ವಾ ಹುಳ?"

"ಇಲ್ಲ, ಓಡಾಡ್ತಿವೆ."

ಎಷ್ಟೋ ತಿಂಗಳ ಮೇಲೆ ಅವರು ನಕ್ಕದ್ದನ್ನು ಕಂಡೆ. "ಹಂಗಾದ್ರೆ ವಿಷ ಹೋಗಿದೆ. ಶನಿವಾರ ಮಕ್ಳನ್ನ ಕರ್ಕೊಂಡ್ ಬಾ" ಎಂದರು.

ಆ ಶನಿವಾರ ಬರುವುದರೊಳಗೆ ಅವರು ತೀರಿಕೊಂಡರು.

ಗೆದ್ದಲು ತಿಂದು ಬಿಟ್ಟ ಪುಸ್ತಕಗಳು ಈಗ ನಮ್ಮ ಶಾಲೆಯಲ್ಲಿವೆ. ಯಾವುದಾದರೂ ಮಗು ಬೆರಳನ್ನು ನಾಲಗೆಗೆ ಮುಟ್ಟಿಸಿದರೆ ಇವತ್ತಿಗೂ ನನ್ನ ಜೀವ ಝಲ್ಲೆನ್ನುತ್ತದೆ. ಹತ್ತಿರ ಹೋಗಿ ಹಾಳೆ ನೋಡುತ್ತೇನೆ. ಅದರಲ್ಲಿ ಹುಳ ಕೊರೆದ ತೂತು ಕಂಡ ಮೇಲೆ, ಓದು ಮಗಾ ಎಂದು ಹೇಳಿ ಬರುತ್ತೇನೆ.