ಅಟ್ರಾಕ್ಟಾಳ ಪೆಟ್ಟಿಗೆಯಲ್ಲಿ ಸೊನ್ನೆ

ಓಟು ಎಣಿಸುವ ದಿನ ಅಟ್ರಾಕ್ಟಾ ಮುಲ್ವಿಯ ಪಕ್ಕ ನಿಲ್ಲಲು ಜಾಗ ಸಿಕ್ಕವನೇ ಪುಣ್ಯವಂತ. ಇಪ್ಪತ್ತಾರು ವರ್ಷ ಆ ಪುಣ್ಯ ನನ್ನದಾಗಿತ್ತು. ಅವಳು ಒಂದು ಪಕ್ಷ, ನಾನು ಇನ್ನೊಂದು. ಅವಳ ಪಕ್ಷ ಅಧಿಕಾರದಲ್ಲಿದ್ದಾಗ ನಾನು ಬೈಯುತ್ತಿದ್ದೆ, ನನ್ನದು ಬಂದಾಗ ಅವಳು ಬೈಯುತ್ತಿದ್ದಳು. ಬೈದು ಬೈದು ನಮಗೆ ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಆಗದಂತಾಗಿತ್ತು. ಆದರೆ ಆ ಫೆಬ್ರವರಿಯ ಎಣಿಕೆಯಂಥದ್ದನ್ನು ನಾನು ಮತ್ತೆ ನೋಡಿಲ್ಲ, ನೋಡುವುದೂ ಇಲ್ಲ.

ನಮ್ಮ ಕೆಲಸಕ್ಕೆ ಟ್ಯಾಲಿ ಎಂದು ಹೆಸರು. ಎಣಿಕೆಯ ದಿನ ಅಧಿಕಾರಿಗಳು ಪೆಟ್ಟಿಗೆಯ ಮೊಹರು ಒಡೆದು, ಚೀಟಿಗಳನ್ನು ಮೇಜಿನ ಮೇಲೆ ಸುರಿದು, ಒಂದೊಂದಾಗಿ ಬಿಡಿಸಿಡುತ್ತಾರೆ. ಅವರಿಗೆ ಆಗ ಬೇಕಾದದ್ದು ಚೀಟಿ ಎಷ್ಟು ಎಂಬುದಷ್ಟೇ. ಮೇಜಿಗಡ್ಡ ಹಾಕಿದ ಕಂಬಿಯ ಈಚೆ ನಿಂತ ಪಕ್ಷದವರಾದ ನಮಗೆ ಬೇಕಾದದ್ದು ಚೀಟಿಯಲ್ಲಿ ಬರೆದದ್ದು. ನಮ್ಮಲ್ಲಿ ಒಂದು ಜಿಲ್ಲೆಗೆ ಹಲವು ಸೀಟು, ಇಷ್ಟದ ಕ್ರಮದಲ್ಲಿ ಹೆಸರುಗಳ ಮುಂದೆ ಒಂದು, ಎರಡು ಎಂದು ಬರೆಯಬೇಕು, ಒಂದು ಸಿಕ್ಕವರು ಯಾವುದೋ ಸುತ್ತಿನಲ್ಲಿ ಹೊರಬಿದ್ದರೆ ಆ ಓಟು ಎರಡು ಸಿಕ್ಕವರಿಗೆ ಹೋಗುತ್ತದೆ. ಯಾರ ಹೆಸರಿನ ಮುಂದೆ ಒಂದು, ಯಾರ ಮುಂದೆ ಎರಡು ಎಂದು ಕಂಬಿಗೆ ಹೊಟ್ಟೆ ಒತ್ತಿ, ಕತ್ತು ಚಾಚಿ ಓದಬೇಕು. ಹೊರಗೆ ಹಾವು ಮುಂಗುಸಿಯಾಗಿರುವ ಪಕ್ಷಗಳು ಇಲ್ಲಿ ಮಾತ್ರ ಒಂದೇ ಹಾಳೆ ಹಂಚಿಕೊಳ್ಳುತ್ತವೆ. ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಗೀಟು ಹಾಕುತ್ತಾರೆ. ಅಧಿಕೃತ ಫಲಿತಾಂಶ ಮರುದಿನ ಬಂದರೂ ನಮಗೆ ಮಧ್ಯಾಹ್ನದ ಊಟದ ಹೊತ್ತಿಗೇ ಯಾರ ಕಥೆ ಏನೆಂದು ಗೊತ್ತಾಗಿರುತ್ತದೆ. ಸುಳ್ಳು ಗೀಟು ಹಾಕಿದವನಿಗೆ ಮಾತ್ರ ಮತ್ತೆ ಯಾವ ಕಂಬಿಯಲ್ಲೂ ಜಾಗವಿಲ್ಲ.

ಈ ವಿದ್ಯೆಯಲ್ಲಿ ಅಟ್ರಾಕ್ಟಾಳನ್ನು ಮೀರಿಸಿದವರನ್ನು ನಾನು ಕಾಣೆ. ಡ್ರಮಕೀಲದ ಅಂಚೆ ಕಚೇರಿಯ ಕಿಟಕಿಯ ಹಿಂದೆ ಅವಳು ಮೂವತ್ತೊಂದು ವರ್ಷ ಕೂತಿದ್ದಳು. ಜನ ಆಚೆ ನಿಂತು ವಿಳಾಸ ಬರೆಯುತ್ತಿದ್ದರೆ ಇವಳು ಈಚೆಯಿಂದ ತಲೆಕೆಳಗಾಗಿಯೇ ಓದಿ ಮುಗಿಸಿರುತ್ತಿದ್ದಳು. ಯಾರ ಮಗ ಯಾವ ದೇಶದಿಂದ ಕಾಗದ ಬರೆದ, ಯಾರ ಕಾಗದ ನಿಂತುಹೋಯಿತು, ಎಲ್ಲ ಬಲ್ಲಳು, ಒಂದನ್ನೂ ಆಡಳು. ಆಮೇಲೆ ಅಂಚೆ ಕಚೇರಿಯೂ ಮುಚ್ಚಿತು. ಕಣ್ಣು ಮಾತ್ರ ಹಾಗೇ ಉಳಿಯಿತು. ಇತರರು ಒಂದನೇ ನಂಬರ್ ಓದುವಷ್ಟರಲ್ಲಿ ಇವಳು ಎರಡನೆಯದನ್ನೂ ಓದಿ, ಕೊರಳಿಗೆ ದಾರದಲ್ಲಿ ಕಟ್ಟಿಕೊಂಡ ಪೆನ್ಸಿಲ್ಲಿನಿಂದ ತನ್ನದೇ ಹಾಳೆಯಲ್ಲಿ ಗುರುತು ಮಾಡಿರುತ್ತಿದ್ದಳು.

ಅವಳ ಮನೆಯ ಗೋಡೆಯಲ್ಲಿ ಯೇಸುವಿನ ಚಿತ್ರದ ಪಕ್ಕದಲ್ಲೇ ಪಕ್ಷದ ಹಳೆಯ ನಾಯಕನ ಚಿತ್ರ. ಯಾರು ಮೊದಲು ಕೈ ಮುಗಿಸಿಕೊಳ್ಳುತ್ತಿದ್ದರೋ ನನಗೆ ಗೊತ್ತಿಲ್ಲ.

ಅಂಥವಳು ಆ ದಿನ ಬೆಳಗ್ಗೆ ಒಂಬತ್ತಕ್ಕೆ, ಎಣಿಕೆ ನಡೆಯುತ್ತಿದ್ದ ಕ್ರೀಡಾಂಗಣದ ಚಹಾದ ಮೇಜಿನ ಬಳಿ ನನ್ನ ಕೋಟಿನ ತೋಳು ಹಿಡಿದು ಮೂಲೆಗೆ ಎಳೆದಳು.

"ಲೋ ಕಾರ್ಮಕ್, ಬಾಯಿ ಬಿಟ್ಟೆ ಅಂದ್ರೆ ಹಲ್ಲು ಉದುರಿಸ್ತೀನಿ. ನಿನ್ನೆ ನಾನು ಮಲಾಕಿಗೆ ಎರಡು ಹಾಕ್ದೆ."

"ಎರಡು ಅಂದ್ರೆ?"

"ಎರಡು ಅಂದ್ರೆ ಎರಡು. ಒಂದು ಡಿಂಪ್ನಾಗೆ ಹಾಕ್ದೆ."

ಚಹಾ ನನ್ನ ಕೈ ಮೇಲೆ ಚೆಲ್ಲಿತು. ಮಲಾಕಿ ಟ್ರೇಸಿ ಅವಳ ಪಕ್ಷದ ಸಂಸತ್ ಸದಸ್ಯ, ಪಕ್ಕದ ಊರಿನವನು, ಅವಳ ಕಣ್ಣೆದುರೇ ಬೆಳೆದವನು. ಡಿಂಪ್ನಾ ಹೊರಾನ್ ಯಾವ ಪಕ್ಷಕ್ಕೂ ಸೇರದ ಹೆಂಗಸು. ಮನೆಯಲ್ಲಿ ಮಲಗಿದ ರೋಗಿಗಳ ಆರೈಕೆಯ ಹೊತ್ತು ಕಡಿತ ಮಾಡಿದ್ದಕ್ಕೆ ಸಿಟ್ಟಾಗಿ ಚುನಾವಣೆಗೆ ನಿಂತವಳು.

ನನಗೆ ಕುಣಿಯಬೇಕು ಅನ್ನಿಸಿತು. ಅವಳ ಮುಖ ನೋಡಿ ಸುಮ್ಮನಾದೆ.

ಕಾರಣ ನನಗೆ ಗೊತ್ತಿತ್ತು. ಅವಳ ತಮ್ಮ ಬಾರ್ಟ್ಲಿಗೆ ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋಗಿ ನಾಲ್ಕು ವರ್ಷ. ಸರ್ಕಾರದ ವತಿಯಿಂದ ದಿನಾ ಬೆಳಗ್ಗೆ ಆರೈಕೆಯವಳೊಬ್ಬಳು ಒಂದು ಗಂಟೆ ಬರುತ್ತಿದ್ದಳು. ಅವಳ ಪಕ್ಷವೂ ನಮ್ಮದಲ್ಲದ ಇನ್ನೊಂದು ಪಕ್ಷವೂ ಕೂಡಿ ಮಾಡಿದ ಸರ್ಕಾರ ಅದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು, ಕಡಿತ ಮಾಡುವುದರಲ್ಲಿ ಮಾತ್ರ ಎರಡೂ ಒಂದೇ ದಿಕ್ಕಿಗೆ ನಡೆದವು. ಒಂದು ಗಂಟೆ ಅರ್ಧ ಗಂಟೆಯಾಯಿತು. ಅರ್ಧ ಗಂಟೆಯಲ್ಲಿ ಮೈ ತೊಳೆಯಬಹುದು, ಇಲ್ಲವೇ ಉಣ್ಣಿಸಬಹುದು. ಅರವತ್ತೆಂಟರ ಅಟ್ರಾಕ್ಟಾ ಆ ಭಾರದ ಮನುಷ್ಯನನ್ನು ಒಬ್ಬಳೇ ಹೊರಳಿಸುತ್ತಿದ್ದಳು. ಮಲಾಕಿ ಸಂಸತ್ತಿನಲ್ಲಿ ಕಡಿತದ ಪರವಾಗಿ ಕೈ ಎತ್ತಿ, ಸ್ಥಳೀಯ ರೇಡಿಯೊದಲ್ಲಿ "ಇದರಿಂದ ಯಾರಿಗೂ ತೊಂದರೆಯಿಲ್ಲ" ಎಂದಿದ್ದ. ಅವಳು ರೇಡಿಯೊ ಆರಿಸಿ, ಮೇಲೊಂದು ಟವೆಲ್ ಹೊದಿಸಿಟ್ಟಿದ್ದಳು.

"ಯಾರಿಗೂ ಗೊತ್ತಾಗಲ್ಲ ಬಿಡು," ಎಂದಳು, ನನಗಿಂತ ತನಗೇ ಹೇಳಿಕೊಳ್ಳುವಂತೆ. "ನಮ್ಮ ಪೆಟ್ಟಿಗೇಲಿ ಏನಿಲ್ಲ ಅಂದ್ರೂ ಅವನಿಗೆ ಐವತ್ತು ಬೀಳುತ್ತೆ. ಅದ್ರಲ್ಲಿ ನಂದೊಂದು ಇಲ್ಲ ಅನ್ನೋದು ದೇವರಿಗಷ್ಟೇ ಗೊತ್ತು."

"ದೇವರಿಗೂ ನನಗೂ."

"ನನಗೆ ದೇವರ ಭಯ ಇಲ್ಲ ಕಣೋ."

ಹತ್ತೂಕಾಲಿಗೆ ಡ್ರಮಕೀಲದ ಪೆಟ್ಟಿಗೆ ಮೇಜಿಗೆ ಬಂತು. ಅಷ್ಟರಲ್ಲಾಗಲೇ ಇಡೀ ಅಂಗಣ ಜೇನುಗೂಡಿಗೆ ಕಲ್ಲು ಬಿದ್ದಂತಾಗಿತ್ತು. ಪಟ್ಟಣದ ಪೆಟ್ಟಿಗೆಗಳಲ್ಲಿ ಸರ್ಕಾರದ ಎರಡೂ ಪಕ್ಷಗಳಿಗೆ ಹಿಂದಿನ ಸಲದ ಅರ್ಧವೂ ಇಲ್ಲ. ನಮ್ಮವರು ಒಬ್ಬರ ಬೆನ್ನು ಒಬ್ಬರು ತಟ್ಟುತ್ತಿದ್ದರು. ಅವಳ ಪಕ್ಷದ ಚುನಾವಣೆಯ ಉಸ್ತುವಾರಿ ರೂರಿ ಕೀನ್, ಕೆಂಪು ಮುಖದ ದಪ್ಪ ಮನುಷ್ಯ, "ಹಳ್ಳಿ ಬರಲಿ, ಹಳ್ಳಿ ಬರಲಿ" ಎಂದು ಮಂತ್ರ ಹೇಳುತ್ತಾ ಓಡಾಡುತ್ತಿದ್ದ. ಹಳ್ಳಿ ಅಂದರೆ ಡ್ರಮಕೀಲ. ಎಂಥ ಗಾಳಿ ಬೀಸಿದರೂ ಅಲುಗದ ಪೆಟ್ಟಿಗೆ ಅದು.

ಮೊಹರು ಒಡೆದರು. ಚೀಟಿಗಳು ಸುರಿದವು.

"ಡಿಂಪ್ನಾ," ಎಂದಳು ಅಟ್ರಾಕ್ಟಾ. ನಾನು ಗೀಟು ಹಾಕಿದೆ. "ಡಿಂಪ್ನಾ. ನಿಮ್ಮೋನು. ಡಿಂಪ್ನಾ. ಡಿಂಪ್ನಾ. ನಿಮ್ಮೋನು. ಆ ಗಡ್ಡದೋನು. ಡಿಂಪ್ನಾ."

ಇಪ್ಪತ್ತು ಚೀಟಿ ಆಯಿತು. ನಲವತ್ತು ಆಯಿತು. ಮಲಾಕಿಯ ಸಾಲು ಗುಡಿಸಿದ ಅಂಗಳದ ಹಾಗೆ ಖಾಲಿ. ಅವಳ ದನಿ ಸಣ್ಣಗಾಗತೊಡಗಿತು.

"ಗಾಬರಿ ಬೇಡ," ಎಂದೆ. "ನಿಮ್ಮೂರಲ್ಲಿ ಪ್ಯಾಕಿ ಡರ್ಕನ್ ಇದಾನಲ್ಲ, ಮಲಾಕಿಯ ಸ್ವಂತ ಸೋದರತ್ತೆ ಮಗ."

"ಹೌದಲ್ವಾ. ಪ್ಯಾಕಿ. ಪ್ಯಾಕಿ ಹಾಕೇ ಹಾಕಿರ್ತಾನೆ. ಡಿಂಪ್ನಾ. ಡಿಂಪ್ನಾ. ನಿಮ್ಮೋನು."

ಎಂಬತ್ತು ದಾಟಿತು. ಅಕ್ಕಪಕ್ಕದ ಟ್ಯಾಲಿಯವರು ತಮ್ಮ ಮೇಜು ಬಿಟ್ಟು ನಮ್ಮ ಹಿಂದೆ ಬಂದು ನಿಂತರು. ಅಟ್ರಾಕ್ಟಾ ನನ್ನ ಕಿವಿಯ ಬಳಿ ಬಾಗಿದಳು.

"ಕಾರ್ಮಕ್, ಒಂದೇ ಒಂದು ಬಂದ್ರೆ ಸಾಕು. ಅದು ನಂದೇ ಅಂತ ಎಲ್ರೂ ಅಂದ್ಕೊಂಡ್ಬಿಡ್ತಾರೆ."

ನಾನು ಅವರ ಪಕ್ಷಕ್ಕೆ ಓಟು ಬೀಳಲಿ ಎಂದು ಜೀವಮಾನದಲ್ಲಿ ಮೊದಲ ಸಲ ಪ್ರಾರ್ಥಿಸಿದೆ. ಯೇಸುವೇ, ಒಂದು. ಒಂದೇ ಒಂದು. ನೂರು ದಾಟಿತು. ನೂರಿಪ್ಪತ್ತು. ಮಧ್ಯೆ ಅವಳ ಕೈ ಮಾತ್ರ ತನ್ನ ಅಭ್ಯಾಸ ಬಿಡದೆ, ಎರಡನೇ ನಂಬರುಗಳನ್ನು ತನ್ನ ಹಾಳೆಯಲ್ಲಿ ಗುರುತು ಮಾಡುತ್ತಲೇ ಇತ್ತು. ಉಳಿದದ್ದು ಮೂರು ಚೀಟಿ. ಡಿಂಪ್ನಾ. ನಮ್ಮವನು. ಕೊನೆಯದನ್ನು ಅಧಿಕಾರಿ ಬಿಡಿಸುವಾಗ ಮಡಿಕೆ ಅಂಟಿಕೊಂಡು ಬಿಚ್ಚಲಿಲ್ಲ. ಆತ ಉಗುರಿನಿಂದ ಬಿಡಿಸಿದ. ಹಾಳಾದವನು ಎಷ್ಟು ನಿಧಾನ!

"ಡಿಂಪ್ನಾ," ಎಂದಳು.

ನೂರ ನಲವತ್ತಮೂರು ಚೀಟಿ, ಮಲಾಕಿ ಟ್ರೇಸಿಗೆ ಸೊನ್ನೆ. ಊರಲ್ಲಿ ಒಬ್ಬೊಬ್ಬರೂ ಇವಳ ಹಾಗೆಯೇ, ನನ್ನದೊಂದು ಇಲ್ಲದಿದ್ದರೇನಂತೆ ಎಂದುಕೊಂಡು ಹಾಕಿದ್ದರು. ಪ್ಯಾಕಿಯೂ ಸೇರಿ. ಉಳಿದವರದು ಹೇಗೋ ನಡೆದುಹೋಗುತ್ತದೆ. ಆದರೆ ಸೊನ್ನೆ ಎಂದು ಕೂಗಿದ ಗಳಿಗೆಯಲ್ಲಿ ಅಟ್ರಾಕ್ಟಾ ಮುಲ್ವಿ ಏನು ಮಾಡಿದಳೆಂಬುದು ಇಡೀ ಜಿಲ್ಲೆಗೆ ಗೊತ್ತಾಗುತ್ತದೆ. ಅವಳ ತುಟಿ ಬಿಳಿಚಿಕೊಂಡಿತ್ತು.

ನಾನೇನು ಮಾಡಿದೆ ಎಂದು ಹೇಳಲು ಇವತ್ತಿಗೂ ನಾಚಿಕೆಯಿಲ್ಲ. ಮಲಾಕಿಯ ಸಾಲಿನಲ್ಲಿ ಒಂದು ಗೀಟು ಎಳೆದೆ.

ಅವಳಿಗೆ ತಲೆಕೆಳಗಾದದ್ದನ್ನು ಓದುವುದು ಹೊಸದೇ? ನನ್ನ ಕೈಯಿಂದ ಹಾಳೆ ಕಿತ್ತುಕೊಂಡಳು. ಪೆನ್ಸಿಲ್ಲಿನ ಹಿಂದಿನ ರಬ್ಬರಿನಿಂದ ಆ ಗೀಟನ್ನು ಉಜ್ಜಿ ಉಜ್ಜಿ, ಕಾಗದ ತೆಳ್ಳಗಾಗುವವರೆಗೆ ಅಳಿಸಿದಳು.

"ನಿಂಗೆ ಬುದ್ಧಿ ಇದ್ಯಾ? ನಲವತ್ತು ವರ್ಷ ಒಂದು ಸುಳ್ಳು ಲೆಕ್ಕ ಕೊಟ್ಟಿಲ್ಲ ನಾನು."

ಆಮೇಲೆ ಕಂಬಿಗೆ ಬೆನ್ನು ಮಾಡಿ ನಿಂತು, ಅಂಚೆ ಕಚೇರಿಯಲ್ಲಿ ಸರದಿ ಕರೆಯುತ್ತಿದ್ದ ದನಿಯಲ್ಲಿ ಕೂಗಿದಳು.

"ಡ್ರಮಕೀಲ! ಡಿಂಪ್ನಾ ಎಂಬತ್ತೆಂಟು. ಕಾರ್ಮಕ್ಕಿನವರು ಮೂವತ್ತನಾಲ್ಕು. ಉಳಿದೋರು ಇಪ್ಪತ್ತೊಂದು. ಮಲಾಕಿ ಟ್ರೇಸಿ, ಸೊನ್ನೆ!"

ರೂರಿ ಕೀನ್ ಓಡಿಬಂದ. "ಸೊನ್ನೆ ಹೇಗಾಗುತ್ತೆ? ಅಟ್ರಾಕ್ಟಾ, ಕನ್ನಡಕ ಒರೆಸಿಕೊಳ್ಳಿ. ಸೊನ್ನೆ ಆಗೋಕೆ ಸಾಧ್ಯಾನೇ ಇಲ್ಲ, ಯಾಕಂದ್ರೆ ನೀವೇ..."

ಅಲ್ಲಿಗೆ ಅವನ ಬಾಯಿ ತೆರೆದೇ ನಿಂತಿತು.

"ಹೌದು," ಎಂದಳು ಅಟ್ರಾಕ್ಟಾ. "ನಾನೇ."

ಆಮೇಲೆ ನಮ್ಮ ಪಕ್ಷದ ಯಾರೋ ಒಬ್ಬ ಮುಟ್ಠಾಳ ಚಪ್ಪಾಳೆ ತಟ್ಟಿದ. ನಾನು ತಿರುಗಿ ನೋಡಿದ್ದಕ್ಕೆ ನಿಲ್ಲಿಸಿದ.

"ಮುಳುಗಿಸಿಬಿಟ್ರಲ್ಲ ನಮ್ಮನ್ನ," ಎಂದ ರೂರಿ. ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು.

"ಅಳೋದು ಆಮೇಲೆ. ಮೊದಲು ಇದನ್ನ ನೋಡು." ಅವಳು ತನ್ನ ಹಾಳೆಯನ್ನು ಅವನ ಎದೆಗೆ ಒತ್ತಿದಳು. "ಡಿಂಪ್ನಾಗೆ ಒಂದು ಹಾಕಿರೋ ಎಂಬತ್ತೆಂಟರಲ್ಲಿ ಅರವತ್ತೊಂದು ಜನ ಮಲಾಕಿಗೆ ಎರಡು ಹಾಕಿದಾರೆ. ಬೈದ್ರೂ ನಮ್ಮೂರ ಕಡೆಯೋನು ಅಂತ. ಹಾವೂ ಸಾಯಬಾರದು, ಕೋಲೂ ಮುರೀಬಾರದು, ಪೆಟ್ಟು ಮಾತ್ರ ಬೀಳ್ಬೇಕು. ಡಿಂಪ್ನಾ ಗೆಲ್ಲಲ್ಲ, ಪಾಪ. ಅವಳು ಬಿದ್ದ ದಿನ ಈ ಓಟೆಲ್ಲ ಮಲಾಕಿ ಮಡಿಲಿಗೆ ಬರುತ್ತೆ. ಕೊನೇ ಸೀಟು ಕಣೋ. ಕೂದಲೆಳೆ ಅಂತರ."

ರೂರಿ ನಂಬಲಿಲ್ಲ. ನಾನೂ ನಂಬಲಿಲ್ಲ. ಆದರೂ ಮರುದಿನ ಮಧ್ಯಾಹ್ನ ಏಳನೇ ಸುತ್ತಿನಲ್ಲಿ ಡಿಂಪ್ನಾ ಹೊರಬಿದ್ದಾಗ ಇಡೀ ಅಂಗಣ ಬೆಂಚುಗಳ ಮೇಲೆ ಹತ್ತಿ ನಿಂತಿತ್ತು. ಅವಳ ಓಟುಗಳನ್ನು ಎರಡನೇ ನಂಬರಿನ ಪ್ರಕಾರ ಅಭ್ಯರ್ಥಿಗಳ ಹೆಸರಿನ ಗೂಡುಗಳಿಗೆ ಹಂಚತೊಡಗಿದರು. ಕೊನೆಯ ಸೀಟಿಗೆ ಉಳಿದಿದ್ದವರು ಇಬ್ಬರೇ, ನಮ್ಮವನು ಮತ್ತು ಮಲಾಕಿ. ನಮ್ಮವನು ನಾನೂರು ಓಟು ಮುಂದಿದ್ದ. ಮಲಾಕಿಯ ಗೂಡು ಉಬ್ಬುತ್ತಾ ಹೋಯಿತು. ಒಂದು ಕಟ್ಟು, ಇನ್ನೊಂದು ಕಟ್ಟು. ಅಟ್ರಾಕ್ಟಾ ನನ್ನ ಮುಂಗೈಯನ್ನು ಹಿಡಿದ ಹಿಡಿತಕ್ಕೆ ಉಗುರಿನ ಗುರುತು ಮೂರು ದಿನ ಉಳಿದಿತ್ತು. ಯಾರು ಗೆಲ್ಲಬೇಕೆಂದು ಅವಳಿಗೆ ಆಸೆಯಿತ್ತೋ ನನಗೆ ತಿಳಿಯಲಿಲ್ಲ. ಅಧಿಕಾರಿ ಮೈಕು ಹಿಡಿದ. ಮೂವತ್ತೇಳು ಓಟಿನಿಂದ ಮಲಾಕಿ ಟ್ರೇಸಿ ಗೆದ್ದಿದ್ದ!

ನಮ್ಮವನು ಸೋತ. ಆ ಸಂಕಟ ಬೇರೆ. ಆದರೆ ಹೇಳಿದ ಲೆಕ್ಕ ಹೇಳಿದ ಹಾಗೆ ಬಂದದ್ದನ್ನು ನೋಡಿದಾಗ ನಾನು ಟೋಪಿ ಮೇಲಕ್ಕೆಸೆದೆ. ನನ್ನ ಪಕ್ಷದವರು ಅದನ್ನು ಇನ್ನೂ ಕ್ಷಮಿಸಿಲ್ಲ.

ದೇಶದಲ್ಲಿ ಸರ್ಕಾರ ಮಕಾಡೆ ಮಲಗಿತ್ತು. ನಮ್ಮ ಜಿಲ್ಲೆಯಲ್ಲಿ ಮಾತ್ರ ಮಲಾಕಿಯನ್ನು ಹೆಗಲ ಮೇಲೆ ಹೊತ್ತು ಕುಣಿಸಿದರು. ಅವನು ಮೇಲಿಂದಲೇ ಅಟ್ರಾಕ್ಟಾಳನ್ನು ಕಂಡ. ಇಳಿಸಿ ಎಂದು ಸನ್ನೆ ಮಾಡಿ, ಕೂದಲು ಕೆದರಿಕೊಂಡು ಕಂಬಿಯ ಹತ್ತಿರ ಬಂದ.

"ನಿಮ್ಮ ಪೆಟ್ಟಿಗೆಯಿಂದ ಉಳಿದೆ ನಾನು, ಅಟ್ರಾಕ್ಟಾ. ಹೇಗೆ ಋಣ ತೀರಿಸ್ಲಿ ಹೇಳಿ."

"ಸೋಮವಾರ ಬೆಳಗ್ಗೆ ಎಂಟಕ್ಕೆ ಮನೆಗೆ ಬಾ. ಆರೈಕೆಯೋಳಿಗೆ ಅವತ್ತು ರಜಾ ಹೇಳ್ತೀನಿ. ಬಾರ್ಟ್ಲಿನ ನೀನು ನೋಡ್ಕೋ. ಅರ್ಧ ಗಂಟೆ ಸಾಕಲ್ವಾ, ಯಾರಿಗೂ ತೊಂದರೆ ಇಲ್ಲ ಅಂದಿದ್ದೆ."

ಅವನು ಬರುವುದಿಲ್ಲ ಎಂದು ನಾನು ಪಣ ಕಟ್ಟಿದ್ದೆ. ಸೋಮವಾರ ನೋಡಲೆಂದೇ ಅವಳ ಅಡಿಗೆಮನೆಯಲ್ಲಿ ಕೂತಿದ್ದೆ. ಎಂಟಕ್ಕೆ ಐದು ನಿಮಿಷವಿರುವಾಗ ಕಾರು ಬಂತು. ಕೋಟು ಕಳಚಿ, ತೋಳು ಮಡಚಿ ಒಳಗೆ ಹೋದ. ಬಾಗಿಲು ತೆರೆದೇ ಇತ್ತು. ನೀರು ಚೆಲ್ಲುವ ಸದ್ದು, ಉಬ್ಬಸ, ಬಾರ್ಟ್ಲಿಯ ನಗು ಎಲ್ಲ ಕೇಳುತ್ತಿತ್ತು. ಮೈ ಬಿದ್ದಿದ್ದರೂ ಬಾರ್ಟ್ಲಿಯ ನಾಲಗೆ ಬಿದ್ದಿರಲಿಲ್ಲ.

"ಸಂಸತ್ ಸದಸ್ಯರೇ, ಕಿವಿ ಹಿಂದೆ ಸೋಪು ಉಳೀತು. ಅಯ್ಯೋ, ಆ ಕೈ ಅಲ್ಲ ಮಾರಾಯ, ಅದು ಬಗ್ಗಲ್ಲ. ನಿಧಾನ, ನಿಧಾನ. ನೋಡು, ನಿಂಗೆ ಈ ಊರಲ್ಲಿ ಒಂದನೇ ನಂಬರ್ ಹಾಕಿದ್ದು ನಾನೊಬ್ನೇ. ಅಂಚೆ ಓಟು."

ಒಲೆಯ ಮುಂದಿದ್ದ ಅಟ್ರಾಕ್ಟಾಳ ಕೈಯಲ್ಲಿ ಸೌಟು ನಿಂತಿತು. ಅಂಚೆಯ ಓಟುಗಳನ್ನು ಬೇರೆಯೇ ಮೇಜಿನಲ್ಲಿ ತೆರೆದಿದ್ದರು. ಅವಳು ಬೇಡಿಕೊಂಡ ಆ ಒಂದು ಅಲ್ಲಿತ್ತು.

"ನಂಗಾ?" ಎಂದ ಮಲಾಕಿ ಒಳಗಿನಿಂದ. "ಇಷ್ಟೆಲ್ಲ ಆದ್ಮೇಲೂ?"

"ನಿಂಗಲ್ವೋ, ನಮ್ಮಪ್ಪನ ಪಕ್ಷಕ್ಕೆ. ಬೆನ್ನು ಒರೆಸು, ಚಳಿ ಆಗ್ತಿದೆ."

ಎಂಟೂವರೆ ಹೊಡೆಯಿತು. ಯಾರೂ ಹೊರಬರಲಿಲ್ಲ. ಎಂಟೂ ಮುಕ್ಕಾಲು. ಒಂಬತ್ತಾಗಿ ಐದು ನಿಮಿಷಕ್ಕೆ ಮಲಾಕಿ ಬಾಗಿಲಲ್ಲಿ ಕಾಣಿಸಿಕೊಂಡ. ಅಂಗಿ ಎದೆಯವರೆಗೆ ಒದ್ದೆ, ಹಣೆಯಲ್ಲಿ ಬೆವರು. ಗೆದ್ದ ದಿನವೂ ಅವನ ಮುಖ ಅಷ್ಟು ಕೆಂಪಾಗಿರಲಿಲ್ಲ.

"ಆಯ್ತು," ಎಂದ, ಏದುಸಿರು ಬಿಡುತ್ತಾ.

ಅಟ್ರಾಕ್ಟಾ ಗಡಿಯಾರ ನೋಡಿದಳು. ಮುಚ್ಚಿಟ್ಟಿದ್ದ ಓಟ್ಸ್ ಗಂಜಿಯ ಬಟ್ಟಲನ್ನು ಒಂದು ಚಮಚದ ಜೊತೆ ಅವನ ಕೈಗೆ ಕೊಟ್ಟಳು.

"ಇನ್ನೂ ಉಣ್ಣಿಸಿಲ್ಲ," ಎಂದಳು.