ನಾಲ್ಕು ಗಂಟಿನ ದಾರ

ಆಗ ನನಗೆ ಐವತ್ತೊಂಬತ್ತು. ಹನ್ನೊಂದು ವರ್ಷದ ಹಿಂದಿನ ಮಾತು. ಮೊನ್ನೆ ಸುಣ್ಣ ಹೊಡೆಸಲು ಮನೆ ಖಾಲಿ ಮಾಡುವಾಗ ಬಾಗಿಲ ಹಿಂದಿನ ಮೊಳೆಯಲ್ಲಿ ಹೂ ಕಟ್ಟುವ ದಾರ ಒಂದು ಸಿಕ್ಕಿತು. ಬಿಳಿ ದಾರ, ಈಗ ಹೊಗೆಯ ಬಣ್ಣಕ್ಕೆ ತಿರುಗಿದೆ. ಅದರಲ್ಲಿ ನಾಲ್ಕು ಗಂಟು. ಹೂವಿನ ಗಂಟು ಎಳೆದರೆ ಜಾರುತ್ತದೆ. ಇವು ಉಗುರು ಹಾಕಿದರೂ ಬಿಚ್ಚುವುದಿಲ್ಲ.

"ಬಿಸಾಕ್ಲಾ ಅಜ್ಜಿ?" ಎಂದು ಸುಣ್ಣ ಹೊಡೆಯುವವನು ಕೇಳಿದ. ಇರಲಿ ಎಂದೆ. ಅದು ಎದುರು ಮನೆ ಡ್ರೈವರಣ್ಣ ಹಾಕಿದ ಗಂಟು...

ಅತ್ತಿಗುಪ್ಪೆಯ ಹಿಂದಿನ ಬೀದಿಯಲ್ಲಿ ನಮ್ಮ ಮನೆ, ಎದುರಿಗೆ ಅವರದು. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವರು. ನಾನು ಮಾರ್ಕೆಟ್ಟಿನಿಂದ ಹೂವಿನ ಬುಟ್ಟಿ ಹೊತ್ತು ಎಷ್ಟೋ ಸಲ ಅವರ ಬಸ್ಸಿನಲ್ಲೇ ಬಂದಿದ್ದೇನೆ. ಒಳ್ಳೆಯವರೋ ಕೆಟ್ಟವರೋ ಎಂದು ಯೋಚಿಸಿರಲಿಲ್ಲ. ಬುಟ್ಟಿ ಕಂಡರೂ ಬಸ್ಸು ನಿಲ್ಲಿಸುತ್ತಿದ್ದರು, ಅಷ್ಟು ಸಾಕಿತ್ತು.

ಅವರು ರಿಟೈರಾದ ತಿಂಗಳಲ್ಲೇ ಒಂದು ಹಳೆಯ ಕಾರು ತಂದರು. ಕಾರೆಂದರೆ ನನ್ನ ಎರಡು ಬುಟ್ಟಿ ಇಟ್ಟರೆ ಹಿಂದಿನ ಸೀಟು ತುಂಬಿಹೋಗುವಂಥದ್ದು. ಅವರ ಹೆಂಡತಿ ಬೀದಿಗೆಲ್ಲ ಕೇಳುವಂತೆ ಅಂದಳು, "ಅಷ್ಟು ವರ್ಷ ಆನೆ ಮೇಲೆ ಕೂತೋರಿಗೆ ಈಗ ಇಲಿ ಬೇಕಾಯ್ತು ನೋಡಿ."

"ಸುಮ್ನಿರೇ. ಮೇಲಿಂದ ನೋಡಿದ್ದು ಸಾಕು. ಕೆಳಗಿಂದ ಹೆಂಗ್ ಕಾಣುತ್ತೆ ನೋಡ್ಬೇಕು ನಂಗೆ."

ಯಾಕೆ ಹಾಗಂದರು ಎಂದು ಬೀದಿಯವರಿಗೆಲ್ಲ ಗೊತ್ತಿತ್ತು. ರಿಟೈರಾಗುವ ಹಿಂದಿನ ವರ್ಷ ಕೆಂಗೇರಿ ಹತ್ತಿರ ಇಂಥದೇ ಪುಟ್ಟ ಕಾರೊಂದು ಆಟೋವನ್ನು ಹಿಂದೆ ಹಾಕಲು ಹೋಗಿ ಅವರ ಬಸ್ಸಿಗೆ ಎದುರಾಗಿ ಬಂದು ಗುದ್ದಿತ್ತು. ಬಸ್ಸಿನ ಒಂದು ದೀಪದ ಗಾಜು ಒಡೆಯಿತು, ಅಷ್ಟೆ. ಹಿಂದೆ ಕೂತವರು ರಸ್ತೆಯ ಹಂಪು ಹಾರಿತು ಎಂದುಕೊಂಡರಂತೆ. ಕಾರು ಓಡಿಸುತ್ತಿದ್ದವನು ಅಲ್ಲೇ ಹೋದ. ವಿಚಾರಣೆಯಾಗಿ ಡ್ರೈವರದ್ದು ತಪ್ಪಿಲ್ಲ ಎಂದು ಬರೆದು ಕೊಟ್ಟರು. ಇವರು ಮತ್ತೆ ಡ್ಯೂಟಿಗೆ ಹೋದರು. ಆದರೆ ಆ ಕಾಗದ ಇವರಿಗೆ ಸಾಲಲಿಲ್ಲ. ಅವನು ಸತ್ತದ್ದು ಕಾರು ಅಷ್ಟು ಚಿಕ್ಕದಿದ್ದುದರಿಂದಲೋ, ತಾನು ಏನಾದರೂ ಮಾಡಿದ್ದರಿಂದಲೋ, ಅದೊಂದು ತಿಳಿಯಬೇಕಿತ್ತು.

ಒಂದು ಮಧ್ಯಾಹ್ನ ನಾನು ಹೂ ಕಟ್ಟುವ ಜಾಗಕ್ಕೆ ಬಂದು ನಿಂತರು. "ಹೂವಮ್ಮ, ಒಂದು ದಾರ ಕೊಡಿ. ಗಾಡಿಗಳ ಬಂಪರ್ ಎತ್ತರ ಅಳೀಬೇಕು."

"ಟೇಪ್ ಇಲ್ವಾ ಮನೇಲಿ?"

"ಟೇಪ್ ಹಿಡ್ಕೊಂಡು ಹೋದ್ರೆ ಆರ್‌ಟಿಓ ಅಂದ್ಕೊಂಡು ಲಾರಿಯೋರು ಗಾಡಿ ತಿರುಗಿಸ್ಕೊಂಡು ಓಡ್ತಾರೆ."

ನನಗೂ ನೋಡಬೇಕೆನಿಸಿತು. ಬುಟ್ಟಿಯನ್ನು ಪಕ್ಕದ ಕಾಯಿ ಅಂಗಡಿಯವಳಿಗೆ ಒಪ್ಪಿಸಿ ಎದ್ದೆ. ಮೊದಲು ಅವರ ಕಾರಿಗೆ ದಾರ ಹಿಡಿದೆವು. ನಾನು ಕೈ ಚಾಚಿ ಒಂದು ಮೊಳ ಎಂದೆ. "ಹೂ ಮಾರೋ ಮೊಳ ಬೇಡ, ನಿಜವಾದ ಮೊಳ ಹಾಕಿ" ಎಂದರು. ನಿಜವಾದ ಮೊಳ ಹಾಕಿದರೂ ಒಂದೇ ಬಂತು. ಗಂಟು ಹಾಕಿದರು. ಬಸ್ ಸ್ಟ್ಯಾಂಡಿಗೆ ಹೋಗಿ ನಿಂತ ಬಸ್ಸಿಗೆ ಹಿಡಿದರೆ ಒಂದೂವರೆ ಮೊಳ. ಎರಡನೇ ಗಂಟು. ಆಮೇಲೆ ನೀರಿನ ಟ್ಯಾಂಕರಿನ ಮುಂಭಾಗ. ಟ್ಯಾಂಕರಿನವನು ಕಿಟಕಿಯಿಂದ ಬಗ್ಗಿ, "ಏನ್ ಆಂಟಿ, ಗಾಡಿಗೆ ಹಾರಕ್ಕೆ ಅಳತೆ ತಗೋತಿದೀರಾ?" ಎಂದ.

"ಹೂಂ. ಆಯುಧಪೂಜೆಗೆ."

"ಅದಕ್ಕಿನ್ನೂ ನಾಕು ತಿಂಗಳಿದೆ."

"ನಿನ್ ಗಾಡಿ ದಪ್ಪ ಕಣಪ್ಪ. ಈಗಿಂದ್ಲೇ ಕಟ್ಬೇಕು."

ಅದು ಮೂರನೇ ಗಂಟು. ನಾಲ್ಕನೆಯದು ಲಾರಿಯ ಹಿಂಭಾಗದ್ದು, ಎರಡು ಮೊಳ ದಾಟಿತು. ದಾರವನ್ನು ಕಾರಿನ ಮುಂದೆ ನೆಟ್ಟಗೆ ಹಿಡಿದು ನೋಡಿದರೆ ಆ ಗಂಟು ಗಾಜಿನ ಬುಡಕ್ಕೆ ಬರುತ್ತಿತ್ತು. ಗಾಜಿನ ಹಿಂದೆ ಏನಿರುತ್ತದೆ ಎಂದು ನಾನು ಕೇಳಲಿಲ್ಲ.

"ಚಿಕ್ಕದಾದ್ರೆ ಸಂದೀಲಿ ನುಗ್ಗಿ ತಪ್ಪಿಸ್ಕೋಬೋದಲ್ಲ ಅಣ್ಣ?"

"ತಪ್ಪಿಸ್ಕೊಂಡ್ರೆ ಸರಿ. ತಪ್ಪದೇ ಹೋದ್ರೆ?" ಅವರು ಕಾರಿನ ಮೂತಿ ತಟ್ಟಿದರು. "ಇದು ಮಡಚ್ಕೋಬೇಕು ಅಂತಾನೇ ಮಾಡಿರೋದು. ಇದು ನಜ್ಜುಗುಜ್ಜಾದ್ರೆ ಏಟು ಇಲ್ಲೇ ನಿಲ್ಲುತ್ತೆ, ಒಳಗಿರೋನು ಉಳೀತಾನೆ. ಆದ್ರೆ ಮಡಚ್ಕೊಳ್ಳೋಕೆ ಇರೋದೇ ಇಷ್ಟು. ಬಸ್ಸಿನ ಬಂಪರ್ರು ಇದರ ಗಟ್ಟಿ ಜಾಗಕ್ಕೆ ತಾಗೋದೇ ಇಲ್ಲ, ಮೇಲೆ ಹತ್ತಿಬಿಡುತ್ತೆ. ಜೊತೆಗೆ ತೂಕ. ಭಾರ ಇರೋದು ನಿಲ್ಲಲ್ಲ, ಹಗುರ ಇರೋದನ್ನ ಹಿಂದಕ್ಕೆ ತಳ್ಕೊಂಡು ಹೋಗುತ್ತೆ."

ನನಗೆ ಓದು ಮೂರನೇ ಕ್ಲಾಸಿಗೇ ನಿಂತಿದ್ದು, ಆದರೂ ಇದು ತಲೆಗೆ ಹೋಯಿತು. ತುಂಬಿದ ಬುಟ್ಟಿಯೂ ಖಾಲಿ ಬುಟ್ಟಿಯೂ ಬಸ್ಸಿನೊಳಗೆ ಜಾರಿ ಗುದ್ದಿಕೊಂಡಾಗ ಯಾವುದು ಮೂಲೆಗೆ ಹೋಗುತ್ತದೆ ಎಂದು ಎಷ್ಟು ಸಲ ನೋಡಿಲ್ಲ ನಾನು.

ಅಂದು ಸಂಜೆ ಕಾರಿನಲ್ಲಿ ಕೂರಿಸಿಕೊಂಡು ಜ್ಞಾನಭಾರತಿಯ ಕಡೆಗೆ ಕರೆದುಕೊಂಡು ಹೋದರು. ಬಸ್ಸಿನಿಂದ ಕೆಳಗೆ ನೋಡಿದರೆ ಕಾರಿನೊಳಗೆ ಮನುಷ್ಯರ ಮೊಣಕಾಲು ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ. ಕಾರಿನಲ್ಲಿ ಕೂತ ಮೇಲೆ ನನಗೆ ಲಾರಿಯ ಚಕ್ರದ ಬೋಲ್ಟುಗಳು ಕೆನ್ನೆಯ ಪಕ್ಕದಲ್ಲೇ ತಿರುಗುತ್ತಿದ್ದವು. ಎಣಿಸಬಹುದಿತ್ತು.

"ಹಂಗಾದ್ರೆ ಕಾರಿನ ಅಳತೇನೇ ಹಂಗಿತ್ತು. ನಿಮ್ಮದೇನು ಬಂತು ಇದ್ರಲ್ಲಿ?" ಎಂದೆ.

ಅವರು ಮರದ ಕೆಳಗೆ ಗಾಡಿ ನಿಲ್ಲಿಸಿದರು.

"ನಾನು ಪೂರ್ತಿ ಬ್ರೇಕ್ ಒತ್ಲಿಲ್ಲಮ್ಮ."

"ಕಾಣ್ಲಿಲ್ವಾ?"

"ಕಾಣ್ತು. ಆ ಕರೆಂಟ್ ಕಂಬದಷ್ಟು ದೂರದಲ್ಲೇ ಕಾಣ್ತು. ಬಸ್ ತುಂಬ ಜನ ನಿಂತಿದ್ರು. ಪೂರ್ತಿ ಒತ್ತಿದ್ರೆ ಎಲ್ಲ ಮುಂದಕ್ಕೆ ಬೀಳ್ತಾರೆ. ಅರ್ಧ ಒತ್ತಿ, ಸ್ವಲ್ಪ ಬಿಟ್ಟು, ಆಮೇಲೆ ಒತ್ಬೇಕು ಅಂತ ಕಾಲಿಗೆ ಕಲಿಸಿಟ್ಟಿದ್ದೆ. ಅವತ್ತೂ ಕಾಲು ಅದನ್ನೇ ಮಾಡ್ತು. ನನ್ನನ್ನ ಕೇಳ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನೀವುಗಳೇ ಬೈತಿದ್ರಲ್ಲ, ಕುರಿ ತುಂಬ್ಕೊಂಡ್ ಹೋಗ್ತಾ ಇದೀರಾ ಅಂತ."

ಬೈದಿದ್ದೆ. ಕನಕಾಂಬರದ ಬುಟ್ಟಿ ಮಗುಚಿದ ದಿನ ಇಳಿಯುವವರೆಗೂ ಬೈದಿದ್ದೆ.

"ನೀವು ನಿಂತ್ಕೊಂಡು ಬರೋರು. ನೀವ್ ಹೇಳಿ. ಒತ್ಬೇಕಿತ್ತಾ?"

ಅದಕ್ಕೇ ನನ್ನನ್ನು ಕರೆದುಕೊಂಡು ಬಂದಿದ್ದರು ಎಂದು ಆಗ ಗೊತ್ತಾಯಿತು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ.

"ಒತ್ಬೇಕಿತ್ತು. ನಾವು ಬಿದ್ದಿದ್ರೆ ಎದ್ದು ಬೈತಿದ್ವಿ, ಅಷ್ಟೇ" ಎಂದೆ.

ಬಿದ್ದವರೆಲ್ಲ ಏಳುವುದಿಲ್ಲ, ಯಾವಳದೋ ಸೊಂಟ ಮುರಿಯಬಹುದಿತ್ತು, ಅದೂ ನನಗೆ ಗೊತ್ತು. ಪೂರ್ತಿ ಒತ್ತಿದ್ದರೂ ಆ ಮೋಟು ಮೂತಿಯ ಕಾರಿನವನು ಉಳಿಯುತ್ತಿದ್ದನೇ ಎಂಬುದು ಯಾರಿಗೂ ಗೊತ್ತಿಲ್ಲ. ಆದರೆ ಕೇಳಿದ್ದು ಅವರು, ಬಾಯಿಗೆ ಬಂದದ್ದು ಅದು. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಯಾರೂ ಹೇಳಿರ್ಲಿಲ್ಲ" ಎಂದಷ್ಟೇ ಅಂದು ಗಾಡಿ ತಿರುಗಿಸಿದರು. ಮನೆ ಮುಂದೆ ಇಳಿಯುವಾಗ ದಾರವನ್ನು ಸುತ್ತಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಮೊಳೆಗೆ ನೇತುಹಾಕಿದೆ.

ಅವರು ಹೋಗಿ ಮೂರು ವರ್ಷವಾಯಿತು. ಕಾರಿನಲ್ಲಲ್ಲ, ಮಂಚದ ಮೇಲೆ. ಹೆಂಡತಿ ಆ ಇಲಿಯನ್ನು ಮಾರಿ ಮಗಳ ಮನೆಗೆ ಹೋದಳು. ಈಗ ಎದುರು ಮನೆಯಲ್ಲಿ ಬೇರೆಯವರಿದ್ದಾರೆ, ಗೇಟಿನೊಳಗೆ ಹಿಡಿಸದಂಥ ಎತ್ತರದ ಕಾರು ಇಟ್ಟುಕೊಂಡಿದ್ದಾರೆ. ಮೊನ್ನೆ ದಾರ ಸಿಕ್ಕಿದ ಮೇಲೆ ಬೀದಿಯಲ್ಲಿ ಯಾರೂ ಇಲ್ಲದ್ದು ನೋಡಿ ಹೋಗಿ ಅದರ ಮೂತಿಗೆ ಹಿಡಿದೆ. ಬಸ್ಸಿನ ಗಂಟಿಗೆ ಒಂದು ಬೆರಳು ಕಡಿಮೆ. ಮನೆಯವರು ಓಡಾಡುವ ಕಾರು, ಬಸ್ಸಿನಷ್ಟು ಎತ್ತರ. ಇದನ್ನು ಹೇಳಿದರೆ ಡ್ರೈವರಣ್ಣ ಎದ್ದು ಬಂದು ತಾನೇ ಇನ್ನೊಂದು ಸಲ ಅಳೆಯುತ್ತಿದ್ದರು. ಹೇಳಲು ಅವರಿಲ್ಲ. ಬೇರೆ ಯಾರಿಗೆ ಹೇಳಿದರೂ ಮುದುಕಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ...

ಅವರು ದಾರ ವಾಪಸು ಕೊಟ್ಟ ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಮಾರ್ಕೆಟ್ಟಿಗೆ ಹೋಗಿ ಸೇವಂತಿಗೆ ತುಂಬಿಕೊಂಡು ಬಸ್ಸು ಹತ್ತಿದೆ. ಬಿನ್ನಿಪೇಟೆ ದಾಟುವಾಗ ಪುಟ್ಟ ಕಾರೊಂದು ಅಡ್ಡ ನುಗ್ಗಿತು. ಡ್ರೈವರು ಪೂರ್ತಿ ಒತ್ತಿದ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು, ಬುಟ್ಟಿ ಬಾಗಿಲವರೆಗೂ ಉರುಳಿತು. ಇಡೀ ಬಸ್ಸು ಅವನನ್ನು ಬೈಯತೊಡಗಿತು. ನನ್ನ ಬಾಯಿಯೂ ತೆರೆಯಿತು. ಮುಚ್ಚಿಕೊಂಡೆ.

"ನಿಮ್ದೇ ಅಲ್ವೇನ್ರೀ ಬುಟ್ಟಿ? ಕೇಳಿ ಅವನನ್ನ" ಎಂದಳು ಪಕ್ಕದವಳು.

"ಹೂವು ತಾನೇ ಬಿದ್ದಿದ್ದು" ಎಂದೆ. ಕುಕ್ಕರಗಾಲಲ್ಲಿ ಕೂತು ಜನರ ಕಾಲಿನ ಮಧ್ಯದಿಂದ ಒಂದೊಂದೇ ಆಯ್ದು ಬುಟ್ಟಿಗೆ ಹಾಕಿಕೊಂಡೆ.