ಕಣೇಕಲ್ಲು ಕೆರೆಯಲ್ಲಿ ಗ್ರೀಕರ ಹಡಗು

ಗ್ರೀಕರಿಗೆ ಹಡಗು ನಡೆಸೋದು ಕಲಿಸಿದವನು ನಾನೇ ಅಂದ್ರ ನಂಬ್ರಿ.

ಇವತ್ತು ಬಸ್ಸಿನ ಕಿಟಕಿಯಿಂದ ಕಣೇಕಲ್ಲು ಕೆರೆಯಲ್ಲಿ ಹರಿಗೋಲು ಕಂಡಿತು. ಕೂಡಲೇ ನಮ್ಮ ಸಮಾಜ ಪಾಠದ ಮೇಷ್ಟ್ರು ನೆನಪಾದರು. ನಶ್ಯ ಏರಿಸಿ, ಪಂಚೆಯ ತುದಿಯಿಂದ ಮೂಗೊರೆಸಿಕೊಂಡು ಹೇಳೋರು: "ಗ್ರೀಸ್ ಅಂದ್ರ ಬರೀ ಕಲ್ಲುಗುಡ್ಡ. ಬ್ಯಾಸಿಗ್ಯಾಗ ಮಳಿ ಇಲ್ಲ, ಹೊಲ ಕಡಿಮಿ. ಅದಕ್ಕ ಅವರು ಹಡಗು ಹತ್ತಿದ್ರು."

"ನಮ್ಮ ರಾಯದುರ್ಗಾನೂ ಕಲ್ಲುಗುಡ್ಡಾನೇ ಸರ್. ಅಂದಮ್ಯಾಲೆ ನಮಗೂ ಹಡಗು ನಡೆಸಾಕ ಬರ್ತೈತಿ!" ಅಂದೆ.

"ಹಂಗಾದ್ರ ಕಣೇಕಲ್ಲು ಕೆರಿ ದಾಟು ನೋಡೋಣಲೇ," ಅಂದ ಗೆಳೆಯ ವೀರೇಶ. ಕೊಬ್ಬರಿ ತರಲು ಅವ್ವ ಕೊಟ್ಟ ರೊಕ್ಕವನ್ನೇ ಪಂದ್ಯಕ್ಕಿಟ್ಟೆ.

ಆ ಭಾನುವಾರ ಮೀನು ಹಿಡಿಯುವ ಗಂಗಣ್ಣನ ಹರಿಗೋಲು ಹತ್ತಿದೆ. ಗುಡ್ಡದ ಹುಡುಗ, ಒಂದೇ ಕಡೆ ಹುಟ್ಟು ಹಾಕಿದೆ. ಅದು ನಿಂತಲ್ಲೇ ಗರಗರ ತಿರುಗತೊಡಗಿತು. ಗಂಗಣ್ಣ ಬಾಯಿಂದ ಬೀಡಿ ತೆಗೆದು ಕೂಗಿದ: "ಏನಲೇ, ಜ್ವಾಳ ಬೀಸಾಕ ಹತ್ತೀಯೇನು?" ವೀರೇಶ ನಕ್ಕು ನಕ್ಕು ದಡದ ಕೆಸರಲ್ಲಿ ಬಿದ್ದ.

ಇವತ್ತು ಏರಿ ಮೇಲೆ ಹೋಗೋ ಬಸ್ಸಿನಲ್ಲಿ ಕೂತು, ಅಂತೂ ಕೆರೆ ದಾಟಿದೆ. ಆ ಪಂದ್ಯದಲ್ಲಿ ನೂರು ರೂಪಾಯಿ ಸೋತೆ ಅಂತ ಮನೆಯಲ್ಲಿ ಹೇಳುತ್ತಾ ಬಂದಿದ್ದೀನಿ. ನಿಮಗೆ ಮಾತ್ರ ನಿಜ ಹೇಳ್ತೀನ್ರಿ: ನಾಲ್ಕಾಣೆ.